ನಾಲ್ಕು ಡಿಗ್ರಿ ಎಡಕ್ಕೆ ವಾಲಿದ ಹಕ್ಕಿ

ನಬ್ಲುಸ್ ಪಟ್ಟಣದ ಹಳೆಪೇಟೆಯಲ್ಲಿ ನನ್ನನ್ನು ವಜ್ದಿ ಎಂದು ಕರೆಯುವುದು ನನ್ನ ಹೆಂಡತಿ ಇನ್ಸಾಫ್ ಮತ್ತು ಕರೆಂಟ್ ಬಿಲ್ಲು, ಎರಡೇ. ಉಳಿದವರಿಗೆಲ್ಲ ನಾನು ಅಬು ಶಾರಾ, ಅಂದರೆ ಕೂದಲಿನ ಅಪ್ಪ. ಕೂದಲೆಳೆಯಷ್ಟು ಸೊಟ್ಟ ಇದ್ದರೂ ನನ್ನ ಕಣ್ಣಿಗೆ ಬೀಳುತ್ತದೆ ಅಂತ ಇಟ್ಟ ಹೆಸರು. ತಲೆಯ ಮೇಲೆ ಒಂದು ಕೂದಲೂ ಇಲ್ಲದವನಿಗೆ ಈ ಹೆಸರಿಟ್ಟ ಮಹಾನುಭಾವ ಸಿಕ್ಕರೆ, ಅವನ ಅಂಗಡಿಯ ಬೋರ್ಡನ್ನು ಬೇಕೆಂದೇ ಸೊಟ್ಟ ಬರೆದುಕೊಡಬೇಕು ಅಂತ ಆಸೆ. ಆದರೆ ಆಗುವುದಿಲ್ಲ, ಕೈ ಬರುವುದಿಲ್ಲ.

ಅಂಗಡಿ, ಕಾರ್ಖಾನೆಗಳಿಗೆ ಗುರುತು ಮಾಡಿಕೊಡುವುದು ನನ್ನ ಕಸುಬು. ಎಳ್ಳಿನ ಹಲ್ವದ ಡಬ್ಬಿಯ ಮೇಲಿನ ಒಂಟೆ, ಕಾಫಿಪುಡಿ ಪೊಟ್ಟಣದ ಮೇಲಿನ ಕೂಜ, ಔಷಧಿ ಅಂಗಡಿಯ ಹಾವು, ಈ ಪೇಟೆಯ ಗುರುತುಗಳಲ್ಲಿ ಅರ್ಧ ನನ್ನವು, ಉಳಿದರ್ಧ ತಪ್ಪು. ಒಳ್ಳೆಯ ಗುರುತು ಹೇಗಿರಬೇಕು ಅಂತ ಕೇಳಿದರೆ ಒಂದು ಗಂಟೆ ಮಾತಾಡಬಲ್ಲೆ, ಆದ್ದರಿಂದ ಯಾರೂ ಕೇಳುವುದಿಲ್ಲ. ಒಂಟೆಯ ಕಾಲುಗಳ ನಡುವಿನ ಖಾಲಿ ಜಾಗ ಒಂಟೆಯಷ್ಟೇ ಮುಖ್ಯ. ಚೌಕದ ಪಕ್ಕ ಅದೇ ಎತ್ತರದ ವೃತ್ತ ಬರೆದರೆ ವೃತ್ತ ಸಣ್ಣದಾಗಿ ಕಾಣುತ್ತದೆ, ಅದನ್ನು ಒಂದು ಕೂದಲೆಳೆ ದೊಡ್ಡದು ಮಾಡಬೇಕು. ಇದು ಗೊತ್ತಿಲ್ಲದವರು ಮಾಡಿದ ಬೋರ್ಡುಗಳ ಕೆಳಗೆ ನಡೆದು ಹೋಗುವಾಗ ನನಗೆ ಹಲ್ಲು ನೋಯುತ್ತದೆ.

ಇದು ಕಸುಬಲ್ಲ, ಕಾಯಿಲೆ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಗೋಡೆಗಳಿಗೆ ಕರಿಯಂಚಿನ ಕಾಗದ ಅಂಟಿಸುತ್ತಾರೆ. ಒಮ್ಮೆ ಅಂಥದೊಂದು ವಾಲಿಕೊಂಡಿತ್ತು. ಅಂಟು ಒಣಗುವ ಮೊದಲು ಕಿತ್ತು ನೆಟ್ಟಗೆ ಅಂಟಿಸುತ್ತಿದ್ದೆ. ಸತ್ತವರ ಮಗ ಹಿಂದೆ ಬಂದು ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದ: "ನಮ್ಮಪ್ಪನ್ನ ನೀವು ಬಹಳ ಬಲ್ಲವರಾ?"

"ಇಲ್ಲಪ್ಪ, ಅಂಚು ಸರಿ ಇರ್ಲಿಲ್ಲ," ಅಂದೆ. ಆ ಮನೆಯವರು ಇಂದಿಗೂ ನನಗೆ ಸಲಾಮು ಹೇಳುವುದಿಲ್ಲ.

ಇನ್ಸಾಫ್ ಹೇಳುತ್ತಾಳೆ: "ಮೊಸರಲ್ಲಿ ಕಲ್ಲು ಹುಡುಕೋರು ಊರಲ್ಲಿ ಬೇಕಾದಷ್ಟು ಜನ ಇದಾರೆ. ನೀವು ಹಾಗಲ್ಲ. ಕಲ್ಲು ಸಿಗದಿದ್ರೆ ಮನೆಯಿಂದ ತಗೊಂಡ್ಹೋಗಿ ಹಾಕಿ ಹುಡುಕೋರು."

ಅವಳಿಗೆ ಇದು ಮದುವೆಯ ದಿನವೇ ಗೊತ್ತಾಗಿತ್ತು. ಅವತ್ತು ಓಣಿಯ ಗಂಡಸರು ನನ್ನನ್ನು ಹೆಗಲ ಮೇಲೆ ಹೊತ್ತು, ತಮಟೆ ಬಡಿಯುತ್ತ ಕುಣಿಸಿಕೊಂಡು ಹೋಗುತ್ತಿದ್ದರು. ಕ್ಷೌರದಂಗಡಿಯ ಮುಂದೆ ಬಂದಾಗ ಬೋರ್ಡಿನ ಕತ್ತರಿ ಮೊದಲ ಬಾರಿ ನನ್ನ ಕಣ್ಣಿನ ಮಟ್ಟಕ್ಕೆ ಸಿಕ್ಕಿತು. ಕತ್ತರಿಯ ಒಂದು ಅಲಗು ಇನ್ನೊಂದಕ್ಕಿಂತ ದಪ್ಪ ಇದೆ ಅಂತ ನನಗೆ ಮೊದಲಿಂದ ಅನುಮಾನ. ಬೆರಳಿನಿಂದ ಅಳೆದೇಬಿಡೋಣ ಅಂತ ಹೆಗಲ ಮೇಲಿಂದ ವಾಲಿದೆ, ಬಿದ್ದೆ. ನನಗೇನೂ ಆಗಲಿಲ್ಲ, ಕೆಳಗೆ ಯಾರೋ ಸಿಕ್ಕರು. ಎಬ್ಬಿಸಿದರು, ಕೋಟು ಕೊಡವಿದರು, ಮತ್ತೆ ಹೊತ್ತರು. ಕತ್ತರಿ ನೋಡುತ್ತಾ ಬಿದ್ದ ಮದುಮಗ ಅಂತ ಪೇಟೆ ವರ್ಷಗಟ್ಟಲೆ ನಕ್ಕಿತು. ನಾನೂ ನಕ್ಕೆ. ಮರುವಾರ ಹೋಗಿ ಕತ್ತರಿಯನ್ನು ಬಿಟ್ಟಿಯಾಗಿ ಸರಿಮಾಡಿಕೊಟ್ಟೆ.

ನಾನು ಹೇಳಹೊರಟಿದ್ದು ನನ್ನ ವಿಷಯ ಅಲ್ಲ, ಅಬು ನಾಯಿಫ್ ಅವರ ವಿಷಯ. ಆದರೆ ನಾನು ಯಾವುದರ ಬಗ್ಗೆ ಹೇಳಿದರೂ ಮುಂದೆ ನಾನೇ ಬಂದು ನಿಲ್ಲುತ್ತೇನೆ. ಇದು ನನ್ನ ಇನ್ನೊಂದು ಕಾಯಿಲೆ.

ನನ್ನ ಅಂಗಡಿಯ ಎದುರಿಗೇ ಹಾಜಿ ವಸ್ಫಿ ಖರ್ನೂಬ್ ಅವರ ಸಾಬೂನು ಕಾರ್ಖಾನೆ. ಕೆಳಗೆ ಆಲಿವ್ ಎಣ್ಣೆ ಬೇಯುತ್ತದೆ. ಬೆಂದ ಸಾಬೂನನ್ನು ಬಕೆಟ್ಟಿನಲ್ಲಿ ಹೊತ್ತು ಮೇಲಿನ ಅಂತಸ್ತಿಗೆ ತಂದು ಇಡೀ ನೆಲದ ಮೇಲೆ ಸುರಿದು ಹಾಸುತ್ತಾರೆ. ಮಾರನೆಯ ದಿನ ಅದು ಬೆಣ್ಣೆಗಿಂತ ಗಟ್ಟಿ, ಗಿಣ್ಣಿಗಿಂತ ಮೆತ್ತಗೆ ಇರುವಾಗ ಕೆಂಪು ದಾರ ಬಡಿದು ಚೌಕಗಳ ಗೆರೆ ಹಾಕಬೇಕು, ಒಂದೊಂದು ಚೌಕದ ಮೇಲೂ ಕಾರ್ಖಾನೆಯ ಮೊಹರು ಕುಟ್ಟಬೇಕು, ಆಮೇಲೆ ಕೊಯ್ಯಬೇಕು. ಎಲ್ಲ ಒಂದೇ ದಿನ. ಸಂಜೆಯಾದರೆ ಸಾಬೂನು ಬಿಗಿಯುತ್ತದೆ, ಅಲಗು ಹಾಯಿಸಿದರೆ ಬಿಲ್ಲೆಗಳು ಚೂರಾಗುತ್ತವೆ. ಇಡೀ ನೆಲವೇ ಹಾಳು.

ಮೊಹರು ಕುಟ್ಟುತ್ತಿದ್ದವರು ಅಬು ನಾಯಿಫ್. ಪ್ರಾಯದಲ್ಲಿ ಬಕೆಟ್ ಹೊರಲು ಸೇರಿ, ಮೊಹರಿನ ಸುತ್ತಿಗೆ ಹಿಡಿದು, ಅರವತ್ತು ದಾಟಿದರೂ ಹಿಡಿದೇ ಇದ್ದರು. ಮರದ ಸುತ್ತಿಗೆ, ಅದರ ಮುಖಕ್ಕೆ ಹಿತ್ತಾಳೆಯ ಮೊಹರು. ಕಾಲುಚೀಲ ಹಾಕಿಕೊಂಡು ಸಾಬೂನಿನ ಮೇಲೆ ಕುಕ್ಕರಗಾಲಲ್ಲಿ ಕೂತು ಹಿಂದೆ ಹಿಂದೆ ಸರಿಯುತ್ತ, ಗಡಿಯಾರದ ಸೆಕೆಂಡಿಗೊಂದು ಪೆಟ್ಟು: ಟಕ್, ಟಕ್, ಟಕ್. ಒಂದು ನೆಲಕ್ಕೆ ಆರು ಸಾವಿರ ಬಿಲ್ಲೆ. ನಲವತ್ತು ವರ್ಷ ಎಣ್ಣೆಯಲ್ಲಿ ಆಡಿದ ಅಂಗೈ ಮಗುವಿನದರಷ್ಟು ನುಣುಪು, ಬೆನ್ನು ಮಾತ್ರ ಬಿಲ್ಲು. ನಾಲ್ಕು ಹೆಣ್ಣುಮಕ್ಕಳ ಮದುವೆ ಮಾಡಿದರು, ನಾಲ್ಕು ಮಕ್ಕಳ ಜೊತೆಗೂ ತಾವೇ ಮೊಹರು ಕುಟ್ಟಿದ ಸಾಬೂನಿನ ಬಿಲ್ಲೆ ಪೇರಿಸಿದ ಒಂದೊಂದು ಗೋಪುರ ಕಳಿಸಿದರು.

ಕೆಳಗೆ ಓಣಿಯಲ್ಲಿ ಚಹಾದಂಗಡಿ ಇಟ್ಟಿದ್ದ ಫವಾಜ್ ಆ ಟಕ್ ಟಕ್ ಕೇಳಿಯೇ ಬದುಕು ನಡೆಸುತ್ತಿದ್ದ. ಸದ್ದು ಸ್ವಲ್ಪ ನಿಂತರೆ ಒಂದು ಸಾಲು ಮುಗಿಯಿತು, ಹೆಚ್ಚು ಹೊತ್ತು ನಿಂತರೆ ಚಹಾ ಬೇಕು. ಸೇಜ್ ಎಲೆ ಹಾಕಿದ ಚಹಾ, ಮೂರು ಚಮಚ ಸಕ್ಕರೆ. "ಡಾಕ್ಟರು ಒಂದೇ ಅಂದಿದಾರೆ, ಅದನ್ನೇ ಮೂರು ಸಲ ಹಾಕ್ಕೊತೀನಿ" ಎನ್ನುತ್ತಿದ್ದರು ಅಬು ನಾಯಿಫ್. ಅವರ ಜೇಬಿನಲ್ಲಿ ಸದಾ ಒಂದು ಸೌತೆಕಾಯಿ, ಜೊತೆಗೆ ಚಿಟಿಕೆ ಉಪ್ಪಿನ ಪೊಟ್ಟಣ. ಸಿಟ್ಟು ಬಂದರೆ ಅವರು ಕೂಗಾಡುವವರಲ್ಲ. ಕಿಟಕಿಯ ಹತ್ತಿರ ಹೋಗಿ ಕೂತು ಸೌತೆಕಾಯಿ ತಿನ್ನುತ್ತಿದ್ದರು. ಕರುಂ ಕುರುಂ ಸದ್ದು ಕೇಳಿದರೆ ಕಾರ್ಖಾನೆಯವರೆಲ್ಲ ತಲೆ ತಗ್ಗಿಸಿಕೊಂಡು ಕೆಲಸ ಮಾಡುತ್ತಿದ್ದರು.

ಖರ್ನೂಬ್ ಸಾಬೂನಿನ ಗುರುತು ಚಂದ್ರಮುಕುಟ ಹಕ್ಕಿ, ತಲೆಯ ಮೇಲೆ ಗರಿಯ ಜುಟ್ಟು ಇರುವುದು. ಉಂಗುರದ ನಡುವೆ ನಿಂತ ಹಕ್ಕಿ. ನಿಂತಿದ್ದರೆ ಚೆನ್ನಾಗಿತ್ತು, ಅದು ವಾಲಿತ್ತು. ದಿನಾ ಬೆಳಿಗ್ಗೆ ಮುಖ ತೊಳೆಯಲು ಬಚ್ಚಲಿಗೆ ಹೋದರೆ ಆ ಹಕ್ಕಿ ಹಿಂದಕ್ಕೆ ಒರಗಿಕೊಂಡು ನನ್ನನ್ನು ಅಣಕಿಸುತ್ತಿತ್ತು. ಒಂದು ದಿನ ತಡೆಯಲಾರದೆ ಹತ್ತು ಬಿಲ್ಲೆ ಕೊಂಡು ತಂದು ಮೇಜಿನ ಮೇಲೆ ಸಾಲಾಗಿಟ್ಟು ಕೋನಮಾಪಕ ಹಿಡಿದೆ. ಹತ್ತಕ್ಕೆ ಹತ್ತೂ ನಾಲ್ಕು ಡಿಗ್ರಿ ಎಡಕ್ಕೆ. ಮೊಹರು ಕೆತ್ತಿದವನದೇ ತಪ್ಪು ಅಂದುಕೊಂಡು ಹಾಜಿಯವರನ್ನು ಕಾಡಿ ಬೇಡಿ ಕುಟ್ಟುವ ಮೊಹರನ್ನೇ ಇಸಿದುಕೊಂಡು ಅಳೆದೆ. ಅದು ನೆಟ್ಟಗೇ ಇತ್ತು.

ಅವತ್ತಿನ ನನ್ನ ಸಂಭ್ರಮ ನೋಡಬೇಕಿತ್ತು. ಓಡಿಹೋಗಿ ಫವಾಜ್‌ನ ಅಂಗಡಿಯಲ್ಲಿ, ತುಂಬಿದ ಜನರ ನಡುವೆ ಘೋಷಿಸಿದೆ: "ಹಕ್ಕಿ ಸರಿಯಾಗೇ ಇದೆ! ಸೊಟ್ಟ ಇರೋದು ಅಬು ನಾಯಿಫ್ ಕೈ. ಪೂರ್ತಿ ನಾಲ್ಕು ಡಿಗ್ರಿ!"

ಎಲ್ಲರ ಲೋಟಗಳಲ್ಲೂ ಚಮಚಗಳು ನಿಂತವು. ನನ್ನ ಸಂಶೋಧನೆಗೆ ಬೆರಗಾದರು ಅಂತ ತಿಳಿದೆ. ಮೂಲೆಯಲ್ಲಿ ಕೂತಿದ್ದ ಅಬು ನಾಯಿಫ್ ತಮ್ಮ ಬಲಗೈಯನ್ನು ಮೇಲೆತ್ತಿ ಒಮ್ಮೆ ತಿರುಗಿಸಿ ನೋಡಿಕೊಂಡರು.

"ನಾಲ್ಕೇನಾ? ನಾನು ಐದು ಅನ್ಕೊಂಡಿದ್ದೆ," ಅಂದರು. ಆಮೇಲೆ ಜೇಬಿನಿಂದ ಸೌತೆಕಾಯಿ ತೆಗೆದರು.

ಆ ಸದ್ದಿನ ಅರ್ಥ ಪೇಟೆಗೆಲ್ಲ ಗೊತ್ತಿತ್ತು. ಸಣ್ಣ ಸಣ್ಣ ವಿವರಗಳನ್ನು ಬಿಡದೆ ಗಮನಿಸುವ ನನಗೆ ಗೊತ್ತಾಗಲಿಲ್ಲ.

ಕೆಲವು ತಿಂಗಳಾದ ಮೇಲೆ ಹಳೆಯ ಮೊಹರು ಸವೆಯಿತು ಅಂತ ಹಾಜಿ ವಸ್ಫಿಯವರು ನನ್ನನ್ನು ಕರೆಸಿದರು.

"ನೋಡಪ್ಪ ಅಬು ಶಾರಾ, ಎರಡು ವರ್ಷದಿಂದ ನನ್ನ ತಲೆ ತಿಂದಿದೀಯ. ಒಂದು ನೆಲ ನಿನ್ನ ಹಕ್ಕಿಗೆ ಕೊಡ್ತೀನಿ. ಚೆನ್ನಾಗಿ ಬಂತೋ, ಇನ್ನು ಮುಂದೆ ನಿಂದೇ ಮೊಹರು. ಕೆಟ್ಟಿತೋ, ನನ್ನ ಸಾಬೂನಿನ ಸುದ್ದಿ ನೀನು ಜನ್ಮದಲ್ಲಿ ಎತ್ತಬಾರದು."

ನಮ್ಮೂರಿನಲ್ಲಿ ಗುರುತು ಮಾಡುವವನಿಗೆ ಸಾಬೂನಿನ ಮೊಹರಿಗಿಂತ ದೊಡ್ಡದು ಯಾವುದೂ ಇಲ್ಲ. ಬೋರ್ಡಿಗೆ ತುಕ್ಕು ಹಿಡಿಯುತ್ತದೆ, ಡಬ್ಬಿ ಕಸಕ್ಕೆ ಹೋಗುತ್ತದೆ. ಮೊಹರು ಮಾತ್ರ ಮಾಡಿದವನು ಸತ್ತ ಮೇಲೂ ಮನೆಮನೆಯ ಬಚ್ಚಲಿಗೆ ಹೋಗುತ್ತಲೇ ಇರುತ್ತದೆ. ನನಗೆ ಅದು ಬೇಕಿತ್ತು. ಬಾಯಿಬಿಟ್ಟು ಹೇಳುತ್ತೇನೆ, ತುಂಬಾ ಬೇಕಿತ್ತು.

ಈ ಕೆಲಸಕ್ಕೆ ಒಂದು ಪದ್ಧತಿ ಇದೆ. ಕೆತ್ತುವವನು ಮೊದಲು ಎರಡು ದಿನ ಮೇಲಿನ ನೆಲಕ್ಕೆ ಹೋಗಿ ಕುಟ್ಟುವವನ ಪಕ್ಕ ಕೂರಬೇಕು. ಅವನ ಕೈ ನೋಡಿಯೇ ಮೊಹರು ಕೆತ್ತಬೇಕು. ಹೊಸ ಮೊಹರಿನ ಮೊದಲ ಪೆಟ್ಟು ಮಾತ್ರ ಕೆತ್ತಿದವನದು. ಅಬು ನಾಯಿಫ್ ತಾವೇ ನನ್ನ ಅಂಗಡಿಗೆ ಬಂದು ಕರೆದರು: "ಎರಡು ದಿನ ಬಂದು ಕೂತ್ಕೋ ಮಗನೇ. ಸೌತೆಕಾಯಿ ನಾನೇ ತರ್ತೀನಿ."

"ಪುರುಸೊತ್ತಿಲ್ಲ ಚಿಕ್ಕಪ್ಪ, ಜುಟ್ಟಿನ ಕೆಲಸ ನಡೀತಿದೆ," ಅಂದೆ, ಭೂತಗನ್ನಡಿಯಿಂದ ಕಣ್ಣೆತ್ತದೆ.

ಸುಳ್ಳಲ್ಲ, ನಡೆಯುತ್ತಲೇ ಇತ್ತು. ನಲವತ್ತೊಂದು ಸಲ ಹಕ್ಕಿ ಬರೆದೆ. ಜುಟ್ಟಿಗೆ ಹನ್ನೊಂದು ಗರಿ, ಪ್ರತಿ ಗರಿಗೂ ಬೇರೆ ಬಣ್ಣದ ತುದಿ ಇರುವಂತೆ ಒಂದು ಅಡ್ಡಗೆರೆ, ಒಂದು ಗರಿಗೂ ಇನ್ನೊಂದಕ್ಕೂ ನಡುವಿನ ಸಂದು ಮುಂದಿನಿಂದ ಹಿಂದಕ್ಕೆ ಕೂದಲೆಳೆಯಷ್ಟೇ ಅಗಲವಾಗುತ್ತ ಹೋಗಬೇಕು. ಕಣ್ಣಿನ ಸುತ್ತ ಉಂಗುರ. ರೆಕ್ಕೆಗೆ ಪಟ್ಟೆ, ಪಟ್ಟೆಗೆ ಅಂಚು. ಹಿತ್ತಾಳೆಯ ಮೇಲೆ ಅದನ್ನು ಕೆತ್ತಿ ಮುಗಿಸಲು ಏಳು ವಾರ ಹಿಡಿಯಿತು. ಇನ್ಸಾಫ್ ಚಹಾ ತಂದವಳು ಬಗ್ಗಿ ನೋಡಿ ಕೇಳಿದಳು: "ರೆಪ್ಪೆಗೂದಲು ಬೇರೆ ಹಾಕಿದೀರಲ್ಲ, ಈ ಹಕ್ಕಿಗೆ ಗಂಡು ಗೊತ್ತಾಗಿದೆಯಾ?"

ಕಾಗದದ ಮೇಲೆ ಒತ್ತಿ ನೋಡಿದೆ. ಇಂಥ ಹಕ್ಕಿ ನಬ್ಲುಸ್ ಕಂಡಿರಲಿಲ್ಲ. ಸಾಬೂನಿನ ಮೇಲೆ ಒತ್ತಿ ನೋಡಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ನೆಲ ಹಾಸಿದ ಮಾರನೆಯ ಬೆಳಿಗ್ಗೆ ಕಾಲುಚೀಲ ಹಾಕಿಕೊಂಡು ಮೇಲೆ ಹತ್ತಿದೆ. ಹಾಜಿಯವರು ಬಾಗಿಲಲ್ಲಿ, ಕೊಯ್ಯುವ ಶಫೀಕ್ ಉದ್ದ ಹಿಡಿಯ ಅಲಗು ಹಿಡಿದು ಗೋಡೆಗೊರಗಿ, ಕೆಲಸದವರೆಲ್ಲ ಸುತ್ತ. ಮೊದಲ ಪೆಟ್ಟು ನನ್ನದು. ಚೌಕದ ನಾಲ್ಕು ಮೂಲೆಯಿಂದ ಅಳೆದೆ, ಉಸಿರು ಬಿಗಿಹಿಡಿದೆ, ಕುಟ್ಟಿದೆ. ಆ ಹಕ್ಕಿಯನ್ನು ನೋಡಿ ನನಗೇ ಕಣ್ಣು ಒದ್ದೆಯಾಯಿತು. ಹನ್ನೊಂದು ಗರಿಗಳೂ ಬಂದಿದ್ದವು.

"ಬಹಳ ಚೆನ್ನಾಗಿದೆ. ಇದೇ ಲೆಕ್ಕದಲ್ಲಿ ಹೋದರೆ ಕಯಾಮತ್ ದಿನಕ್ಕೆ ನೆಲ ಮುಗಿಯುತ್ತೆ. ಕೊಡು," ಅಂದರು ಅಬು ನಾಯಿಫ್.

ಟಕ್, ಟಕ್, ಟಕ್. ಮೊದಲ ಸಾಲು ಪರವಾಗಿಲ್ಲ. ಎರಡನೆಯ ಸಾಲಿಗೆ ಗರಿಗಳ ಸಂದಿಗೆ ಮೆತ್ತನೆಯ ಸಾಬೂನು ಮೆತ್ತಿಕೊಳ್ಳತೊಡಗಿತು. ನಾಲ್ಕನೆಯದಕ್ಕೆ ಜುಟ್ಟು ಮುದ್ದೆಯಾಯಿತು, ರೆಕ್ಕೆಯ ಪಟ್ಟೆ ಮಾಯವಾಯಿತು. ಆರನೆಯ ಸಾಲಿನಲ್ಲಿ ಉಂಗುರದ ನಡುವೆ ನಿಂತಿದ್ದು ಗರಿ ಕಿತ್ತ ಕೋಳಿ. ಅದೂ ನಾಲ್ಕು ಡಿಗ್ರಿ ಎಡಕ್ಕೆ ವಾಲಿದ ಕೋಳಿ.

ಅಬು ನಾಯಿಫ್ ನಿಲ್ಲಿಸಿ ಮೊಹರು ತಿರುಗಿಸಿ ನೋಡಿದರು. "ಗೆರೆ ಬಹಳ ಸಣ್ಣ ಆಯ್ತು ಮಗನೇ. ಸಾಬೂನು ಇಷ್ಟು ಸಣ್ಣ ಸಂದಿಗೆ ಹೋದ್ರೆ ಹೊರಗೆ ಬರಲ್ಲ."

ಹಾಜಿಯವರು ನೋಡುತ್ತಿದ್ದರು. ಏಳು ವಾರದ ಕೆಲಸ, ಜನ್ಮದ ಆಸೆ, ಎಲ್ಲ ಕೋಳಿಯಾಗುತ್ತಿತ್ತು. ನನಗೆ ತಲೆ ಕೆಟ್ಟಿತು. "ಗೆರೆಯ ತಪ್ಪಲ್ಲ!" ಅಂತ ಕೂಗಿದೆ. "ನಿಮ್ಮ ಕೈಯ ತಪ್ಪು. ಸೊಟ್ಟ ಕೈಗೆ ಎಂಥಾ ಹಕ್ಕಿ ಕೊಟ್ಟರೂ ಕೋಳಿನೇ ಆಗೋದು!"

ಅವರು ಸುತ್ತಿಗೆಯನ್ನು ನನ್ನ ಕೈಗಿಟ್ಟು ಕಿಟಕಿಯ ಹತ್ತಿರ ಹೋಗಿ ಕೂತರು. ಕರುಂ ಕುರುಂ ಶುರುವಾಯಿತು.

ಸರಿ, ನಾನೇ ತೋರಿಸುತ್ತೇನೆ ಅಂತ ಕೂತೆ. ಒಂದು ಪೆಟ್ಟು ಹೊಡೆಯುವುದು, ಸಂದಿಯಿಂದ ಸೂಜಿಯಲ್ಲಿ ಸಾಬೂನು ಕೀಳುವುದು, ಅಳೆಯುವುದು, ಮತ್ತೆ ಒಂದು ಪೆಟ್ಟು. ಟಕ್. ಒಂದು ನಿಮಿಷ ಬಿಟ್ಟು, ಟಕ್. ಕೆಳಗಿನಿಂದ ಫವಾಜ್ ಕೂಗಿದ: "ಏನ್ರೋ ಮೇಲೆ? ಯಾರಾದ್ರೂ ಹೋದ್ರಾ?"

ಅರ್ಧ ಗಂಟೆಗೆ ಮೊಣಕಾಲು ಸತ್ತಿತು. ಒಂದು ಗಂಟೆಗೆ ಸೂಜಿ ಬಿಟ್ಟೆ, ಅಳತೆ ಬಿಟ್ಟೆ, ಸುಮ್ಮನೆ ಕುಟ್ಟಿದೆ. ನನ್ನ ಕೋಳಿಗಳು ಒಂದು ಆರು ಡಿಗ್ರಿ ಬಲಕ್ಕೆ, ಒಂದು ಒಂಬತ್ತು ಎಡಕ್ಕೆ, ಒಂದಂತೂ ಮಲಗಿಯೇ ಬಿಟ್ಟಿತ್ತು. ಮಸೀದಿಯಿಂದ ಮಧ್ಯಾಹ್ನದ ಬಾಂಗ್ ಕೇಳಿತು. ಶಫೀಕ್ ಸಾಬೂನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಉಸ್ತಾದ್, ನೆಲ ಬಿಗೀತಾ ಇದೆ. ಇನ್ನೂ ಹೆಚ್ಚುಕಡಿಮೆ ಪೂರ್ತಿ ಖಾಲಿ ಇದೆ," ಅಂದ.

ಆಗ ನಾನು ಒಂದು ಮಾತು ಹೇಳಿದೆ. ಈಗಲೂ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. "ನೆಲವೇ ಸಮ ಇಲ್ಲ" ಅಂದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆಯಲ್ಲಿ ಕೇಳಿದ್ದೆ. ಕಾಲುಚೀಲ ಹಾಕಿಕೊಂಡು ನಾನೇ ಆ ಗಾದೆಯಾಗಿ ಕೂತಿದ್ದೆ.

ಶಫೀಕ್ ಅಲಗನ್ನು ಗೋಡೆಗೆ ಒರಗಿಸಿದ. "ಆಗ ಕೈ ಅಂದ್ರಿ, ಈಗ ನೆಲ ಅಂತೀರಿ. ಉಸ್ತಾದ್, ಆ ಕೈ ಮುರಿದೋರು ಯಾರು ಅಂತ ಗೊತ್ತಾ ನಿಮಗೆ?"

"ಶಫೀಕ್, ಬಾಯ್ಮುಚ್ಚು," ಅಂದರು ಅಬು ನಾಯಿಫ್ ಕಿಟಕಿಯಿಂದ.

"ಮುಚ್ಚಲ್ಲ ಚಿಕ್ಕಪ್ಪ. ಇಪ್ಪತ್ತೆರಡು ವರ್ಷ ಮುಚ್ಕೊಂಡಿದ್ದು ಸಾಕು. ಕತ್ತರಿ ನೋಡ್ತಾ ಬಿದ್ದನಲ್ಲ ಒಬ್ಬ ಮದುಮಗ, ಅವನು ಯಾರ ಕೈ ಮೇಲೆ ಬಿದ್ದ ಅಂತ ಕೇಳಿ ಉಸ್ತಾದರನ್ನ!"

ನಾನು ಅಬು ನಾಯಿಫ್ ಅವರ ಕಡೆ ನೋಡಿದೆ. ಅವರು ಸೌತೆಕಾಯಿಯ ತೊಟ್ಟನ್ನು ಕಿಟಕಿಯಿಂದ ಎಸೆದು, ಎದ್ದು, ಗೋಡೆಯ ಗೂಡಿನಿಂದ ಸವೆದ ಹಳೆಯ ಮೊಹರಿನ ಸುತ್ತಿಗೆ ತೆಗೆದುಕೊಂಡರು. "ಏಳು ಮಗನೇ, ನೆಲ ಹಾಳಾಗುತ್ತೆ," ಅಂದರು ಅಷ್ಟೆ.

ಅವತ್ತು ಅವರು ಎರಡು ಗಂಟೆ ಒಂದು ಸಲವೂ ನಿಲ್ಲಿಸಲಿಲ್ಲ. ಫವಾಜ್‌ನ ಚಹಾ ಅಲ್ಲೇ ಆರಿತು. ಕೊನೆಯ ಸಾಲುಗಳಲ್ಲಿ ಪೆಟ್ಟಿಗೊಮ್ಮೆ ಅವರ ಬಾಯಿ ಬಿಗಿಯುತ್ತಿದ್ದುದನ್ನು ನೋಡಿದೆ. ಹಿಂದೆಯೇ ಶಫೀಕ್ ಕೊಯ್ಯುತ್ತ ಬಂದ. ನೆಲ ಉಳಿಯಿತು. ನಾನು ಗೋಡೆಯ ಹತ್ತಿರ ಕಾಲುಚೀಲದಲ್ಲಿ ನಿಂತಿದ್ದೆ, ಯಾರಿಗೂ ಬೇಡವಾಗಿ.

ಮನೆಗೆ ಹೋಗಿ ಇನ್ಸಾಫಳನ್ನು ಕೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಗೊತ್ತಿತ್ತು. ಇಡೀ ಪೇಟೆಗೆ ಗೊತ್ತು. ಮದುಮಗನಿಗೆ ಹೇಳ್ಬೇಡಿ, ಮದುವೆ ಮನೆಗೆ ಅಪಶಕುನ ಅಂತ ಅವರೇ ಎಲ್ಲರ ಹತ್ರ ಮಾತು ತಗೊಂಡ್ರು. ನಾಟಿ ವೈದ್ಯ ಮೂಳೆ ಕಟ್ಟಿದ್ದು ಸ್ವಲ್ಪ ಸೊಟ್ಟ ಕೂತ್ಕೊಂಡ್ತು."

"ಆಮೇಲಾದ್ರೂ ಹೇಳ್ಬಾರದಿತ್ತಾ?"

"ನೀವು ಕೇಳ್ಬಾರದಿತ್ತಾ? ಕೆಳಗೆ ಯಾರಿದ್ರು, ಏನಾಯ್ತು ಅಂತ? ಮಾರನೇ ದಿನ ನೀವು ಕೇಳಿದ್ದು ಕತ್ತರಿ ವಿಷ್ಯ."

ನನ್ನ ಎಲೆಯಲ್ಲಿ ಹೆಗ್ಗಣವೇ ಸತ್ತು ಬಿದ್ದಿದ್ದರೂ ನಾನು ಪಕ್ಕದ ಎಲೆಯ ನೊಣಕ್ಕೆ ಕೋನಮಾಪಕ ಹಿಡಿದಿದ್ದೆ. ನಾಚಿಕೆಯಿಂದ ಆ ರಾತ್ರಿ ಊಟ ಸೇರಲಿಲ್ಲ. ಬಚ್ಚಲಿಗೆ ಹೋದರೆ ಅಲ್ಲಿ ಹಕ್ಕಿ, ವಾಲಿಕೊಂಡು.

ಶುಕ್ರವಾರ ನಮಾಜು ಮುಗಿಸಿ ಅಬು ನಾಯಿಫ್ ಅವರ ಮನೆಗೆ ಹೋದೆ. ನಮ್ಮಲ್ಲಿ ಏನಾದರೂ ದೊಡ್ಡದನ್ನು ಕೇಳಲು ಹೋದವನು, ಕೇಳಿದ್ದು ಸಿಗುವವರೆಗೆ ಆ ಮನೆಯ ಕಾಫಿ ಮುಟ್ಟುವುದಿಲ್ಲ. ಅವರು ತಂದಿಟ್ಟ ಲೋಟವನ್ನು ನಾನು ಹಾಗೇ ಕೆಳಗಿಟ್ಟೆ.

ಅವರು ಹುಬ್ಬೇರಿಸಿದರು. "ಏನಪ್ಪ ಇದು? ಹೆಣ್ಣು ಕೇಳೋಕೆ ಬಂದ್ಯಾ? ನಾಲ್ಕೂ ಮದುವೆ ಆಗಿ ಹೋಗಿದಾವೆ, ಮೊಮ್ಮಕ್ಕಳು ಇನ್ನೂ ಚಿಕ್ಕೋರು."

"ಕ್ಷಮೆ ಕೇಳೋಕೆ ಬಂದೆ ಚಿಕ್ಕಪ್ಪ. ಕೈಗೆ. ಆಮೇಲೆ, ಆಡಿದ ಮಾತಿಗೆ."

ಅವರು ತಮ್ಮ ಲೋಟವನ್ನೂ ಕೆಳಗಿಟ್ಟರು. "ಕೈ ವಿಷ್ಯ ಆವತ್ತೇ ಬಿಟ್ಟೆ," ಅಂದರು. "ಮದುವೆ ಗಲಾಟೆಲಿ ಆಗಿದ್ದು. ಮಾತು ಮಾತ್ರ ನೋವಾಯ್ತು, ಸುಳ್ಳು ಯಾಕೆ ಹೇಳ್ಲಿ. ಕ್ಷಮೆಗಿಮೆ ಬೇಡ. ಎರಡು ದಿನ ಮೇಲೆ ಬಂದು ಕೂತ್ಕೋ. ಹಾಜಿಗೆ ನಾನು ಹೇಳ್ತೀನಿ, ಹಳೇದು ಸವೆದು ಹೋಗಿದೆ, ಇನ್ನೊಂದು ಸಲ ಮಾಡ್ಲಿ ಅಂತ. ಈಗ ಕುಡಿ, ಆರ್ತಿದೆ."

ಕುಡಿದೆ. ಎರಡು ದಿನ ಹೋಗಿ ಕೂತೆ. ಸೌತೆಕಾಯಿ ಅವರೇ ತಂದರು. ಕೋನಮಾಪಕ, ಭೂತಗನ್ನಡಿ ಎರಡನ್ನೂ ಮನೆಯಲ್ಲಿ ಬಿಟ್ಟಿದ್ದೆ. ಪೆಟ್ಟಿನ ಕೊನೆಯಲ್ಲಿ ಅವರ ಮಣಿಕಟ್ಟು ಎಡಕ್ಕೆ ಸರಿಯುವುದನ್ನು ನೋಡಿದೆ. ಹತ್ತು ಪೆಟ್ಟಿಗೊಮ್ಮೆ ತೊಡೆಯ ಮೇಲಿನ ಎಣ್ಣೆಬಟ್ಟೆಗೆ ಮೊಹರನ್ನು ಒರೆಸುವುದನ್ನು ನೋಡಿದೆ. ಸಾಬೂನು ಎಷ್ಟು ಅಗಲದ ಸಂದಿನಿಂದ ಬಿಡಿಸಿಕೊಂಡು ಬರುತ್ತದೆ, ಎಷ್ಟರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಬೆರಳಿಗೆ ಗೊತ್ತಾಯಿತು. ಆಮೇಲೆ ಮನೆಗೆ ಬಂದು ಹೊಸ ಹಕ್ಕಿ ಕೆತ್ತಿದೆ. ಜುಟ್ಟಿಗೆ ಮೂರೇ ಗರಿ, ನಡುವೆ ಗೋಧಿಕಾಳು ಕೂರುವಷ್ಟು ಸಂದು. ಕಣ್ಣಿಗೆ ಒಂದು ಚುಕ್ಕೆ. ರೆಕ್ಕೆಗೆ ಎರಡು ಗೆರೆ. ಇಡೀ ಹಕ್ಕಿಯನ್ನು ಬೇಕೆಂದೇ ಬಲಕ್ಕೆ ವಾಲಿಸಿದೆ, ನಾಲ್ಕು ಡಿಗ್ರಿ. ಅವರ ಕೈ ಎಡಕ್ಕೆ ಸರಿದಾಗ ಹಕ್ಕಿ ನೆಟ್ಟಗೆ ನಿಲ್ಲಬೇಕು. ಜೀವಮಾನದಲ್ಲಿ ನಾನು ಸೊಟ್ಟ ಮಾಡಿದ ಮೊದಲ ಕೆಲಸ ಅದು. ಯಾರಿಗೂ ಹೇಳಲಿಲ್ಲ.

ಮುಂದಿನ ನೆಲ ಹಾಸಿದಾಗ ಮೊದಲ ಪೆಟ್ಟನ್ನು ನಾನು ಹೊಡೆಯದೆ ಸುತ್ತಿಗೆಯನ್ನು ಅವರ ಕೈಗೆ ಕೊಟ್ಟೆ. ಟಕ್.

ಹಕ್ಕಿ ಬಲಕ್ಕೆ ವಾಲಿತ್ತು.

ಇನ್ನೊಂದು. ಅದೂ ಬಲಕ್ಕೆ. ಹಾಜಿಯವರು ಗಂಟಲು ಸರಿಮಾಡಿಕೊಂಡರು. ಅಬು ನಾಯಿಫ್ ಹಣೆಯ ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದರು, ಮುಖದಲ್ಲಿ ನಗು.

"ನೆಟ್ಟಗೆ ಬಂತಾ? ಒಂದು ವಾರದಿಂದ ಮನೇಲಿ ದಿಂಬಿನ ಮೇಲೆ ಅಭ್ಯಾಸ ಮಾಡ್ತಿದೀನಿ, ಕೈ ಎಡಕ್ಕೆ ಹೋಗದ ಹಾಗೆ."

ಆಗ ನೋಡಿದೆ, ಅಂಗಿಯ ತೋಳಿನ ಒಳಗೆ ಮಣಿಕಟ್ಟಿಗೆ ಬಟ್ಟೆ ಬಿಗಿದು ಸುತ್ತಿಕೊಂಡಿದ್ದರು. ಬೆರಳುಗಳು ಬಿಳಿಚಿಕೊಂಡಿದ್ದವು.

"ಚಿಕ್ಕಪ್ಪ, ಆ ಬಟ್ಟೆ ಬಿಚ್ಚಿ. ನಿಮ್ಮ ಕೈ ಹೇಗೆ ಹೋಗುತ್ತೋ ಹಾಗೇ ಹೊಡೀರಿ. ನಾನು ಅದಕ್ಕೇ ಕೆತ್ತಿದೀನಿ."

ಅವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಬಟ್ಟೆ ಬಿಚ್ಚಿ ಕೈ ಕೊಡವಿಕೊಂಡರು. ಟಕ್. ಉಂಗುರದ ನಡುವೆ ಹಕ್ಕಿ ನೆಟ್ಟಗೆ ನಿಂತಿತ್ತು. ಶಫೀಕ್ ಜೋರಾಗಿ ನಕ್ಕ. "ಇಬ್ರೂ ಮೊದಲೇ ಒಂದು ಮಾತು ಆಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಅಂದ.

"ನೋಯುತ್ತಾ ಚಿಕ್ಕಪ್ಪ?" ಅಂತ ಕೇಳಿದೆ.

"ಚಳಿಗಾಲದಲ್ಲಿ ಸ್ವಲ್ಪ," ಅಂದರು. ಹಕ್ಕಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. "ಸ್ಕೇಲು ಹಿಡೀದೆ ನೀನು ಕೇಳಿದ ಮೊದಲ ಪ್ರಶ್ನೆ ಇದು ಮಗನೇ." ಆಮೇಲೆ ಟಕ್, ಟಕ್, ಟಕ್.

ಏಳು ವರ್ಷ ಆ ಹಕ್ಕಿ ನೆಟ್ಟಗೆ ನಿಂತಿತು. ಹಳೆಯ ಕೋಳಿ ಬಿಲ್ಲೆಗಳನ್ನು ಹಾಜಿಯವರು ನನ್ನ ಮಜೂರಿಯ ಲೆಕ್ಕಕ್ಕೆ ಹಾಕಿ ಮನೆಗೆ ಕಳಿಸಿದರು. ಮುನ್ನೂರಕ್ಕೂ ಹೆಚ್ಚು. ಇನ್ಸಾಫ್ ಬೇರೆ ಸಾಬೂನನ್ನು ಬಚ್ಚಲಿಗೆ ಬಿಡುವುದಿಲ್ಲ. ದಿನಾ ಬೆಳಿಗ್ಗೆ ನಾನು ನನ್ನ ಕೋಳಿಯಲ್ಲೇ ಮುಖ ತೊಳೆಯುತ್ತೇನೆ.

ಕಳೆದ ಚಳಿಗಾಲದಲ್ಲಿ ಅಬು ನಾಯಿಫ್ ತೀರಿಕೊಂಡರು. ಅವರ ಕರಿಯಂಚಿನ ಕಾಗದವನ್ನು ನಾನೇ ಮಾಡಿದೆ, ಬೇರೆ ಯಾರ ಕೈಗೂ ಕೊಡಲಿಲ್ಲ. ಅಂಚು ಸರಿಯಾಗಿದೆಯೋ ಇಲ್ಲವೋ ಅವತ್ತು ನನಗೆ ಕಾಣಲಿಲ್ಲ.

ಈಗ ಮೊಹರು ಕುಟ್ಟುವುದು ಶಫೀಕ್. ಅವನ ಕೈ ನೆಟ್ಟಗಿದೆ, ಹಾಗಾಗಿ ಊರಿನ ಎಲ್ಲ ಬಚ್ಚಲುಗಳಲ್ಲೂ ನನ್ನ ಹಕ್ಕಿ ನಾಲ್ಕು ಡಿಗ್ರಿ ಬಲಕ್ಕೆ ವಾಲಿದೆ. ಪೇಟೆಯಲ್ಲಿ ನಡೆದುಹೋದರೆ ಜನ ಬಿಲ್ಲೆ ತೋರಿಸಿ ಕಿಚಾಯಿಸುತ್ತಾರೆ: "ಏನಪ್ಪ ಅಬು ಶಾರಾ, ಊರಿಗೆಲ್ಲ ಸೊಟ್ಟ ಅಂತಿದ್ದೆ, ನಿನ್ನ ಹಕ್ಕಿ ನೋಡ್ಕೋ!" ತಿದ್ದಿಕೊಡು ಅಂತ ಹಾಜಿಯವರೂ ಎರಡು ಸಲ ಹೇಳಿಕಳಿಸಿದರು. ನಾನು ತಿದ್ದಿಕೊಟ್ಟಿಲ್ಲ.